ಮನೆಯವರೊಬ್ಬರಿಗೆ ಮೂರ್ಛೆರೋಗವೆಂದು ತಿಳಿದಾಗ



ಬೆಂಗಳೂರಿನ ಕಡೆಯಿಂದ ಬರುವ ಸಂಜೆಯ ರೈಲು ಕಡೂರು ಬಿಟ್ಟು ಅರ್ಧ ಗಂಟೆಯಾಗಿರಬಹುದು. ಗುರುನಿವಾಸದ ಗೇಟು ಸದ್ದಾಯಿತು. ಹೊರಗೆ ಬಂದು ನೋಡಿದರೆ ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ತಂದೆ, ತಾಯಿ, ಜೊತೆಗೆ ಮೊದಲನೇ ಪಿಯುಸಿ ಓದುತ್ತಿರುವ ಅವರ ಮಗ. ಮನೆಗೂ ಹೋಗದೆ ಸ್ಟೇಷನ್ನಿನಿಂದ ನೇರವಾಗಿ ಬಂದಿದ್ದರು. ತಂದೆಯ ಕಂಕುಳಲ್ಲಿ ಒಂದು ಫೈಲು. ಅದಕ್ಕೆ ದಿನಪತ್ರಿಕೆಯನ್ನು ಸುತ್ತಿದ್ದರು. ಬಿಚ್ಚಿದಾಗ ತಿಳಿಯಿತು, ಒಳಗಿದ್ದುದು ನಿಮ್ಹಾನ್ಸ್ ಆಸ್ಪತ್ರೆಯ ಕಾಗದಗಳು. ರೈಲಿನಲ್ಲಿ ಊರಿನವರು ಯಾರಾದರೂ ಆ ಹೆಸರನ್ನು ಓದಿಬಿಟ್ಟರೆ ಎಂಬ ಭಯ ಅವರಿಗೆ.

"ಫಾದರ್, ಎಪಿಲೆಪ್ಸಿ ಅಂದ್ರು. ವರ್ಷಗಟ್ಟಲೆ ಮಾತ್ರೆ ನುಂಗಬೇಕಂತೆ. ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಇದು ಇರಲಿಲ್ಲ. ಯಾರಿಗೂ ಹೇಳಬೇಡಿ ಫಾದರ್" ಎಂದರು ತಾಯಿ. ತಂದೆ ಏನೂ ಮಾತಾಡಲಿಲ್ಲ. ಕೊನೆಗೆ ಹುಡುಗನೇ ಕೇಳಿದ: "ನಾನಿನ್ನು ಪೀಠಸೇವೆಗೆ ಬರಬಹುದಾ ಫಾದರ್?"

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಕಿಲ್ಲ. ಕಡೂರಿರಲಿ, ತರೀಕೆರೆಯಿರಲಿ, ಅಜ್ಜಂಪುರವಿರಲಿ, ಇಂತಹ ಫೈಲನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಹಲವು. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿದ ನಿಮ್ಹಾನ್ಸ್ ವೈದ್ಯರ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಮೂರ್ಛೆರೋಗವಿರುವುದು ಅದರಲ್ಲಿ ಕಂಡುಬಂತು. ಹಳ್ಳಿಗಳಲ್ಲಿ ಈ ಪ್ರಮಾಣ ನಗರದ ಎರಡರಷ್ಟು. ಇದಕ್ಕೂ ಮೊದಲು ಯಳಂದೂರಿನಲ್ಲಿ ನಡೆದ ಅಧ್ಯಯನದ ಲೆಕ್ಕ ಕಡಿಮೆ, ಸಾವಿರಕ್ಕೆ 4ರಿಂದ 5. ಕಡಿಮೆಯದನ್ನೇ ಹಿಡಿಯೋಣ. ಸಾವಿರ ಜನರಿರುವ ಧರ್ಮಕೇಂದ್ರದಲ್ಲಿ ನಾಲ್ಕೈದು ಮಂದಿಯಾದರೂ ಇರಬೇಕು. ಆ ಸಂಜೆಯವರೆಗೆ ನನಗೆ ಗೊತ್ತಿದ್ದವರು ಒಬ್ಬರೇ. ಉಳಿದವರೂ ಭಾನುವಾರ ನನ್ನೆದುರೇ ಕುಳಿತಿರುತ್ತಾರೆ, ಬಲಿಪೂಜೆ ಮುಗಿಸಿ ಮನೆಗೆ ಹೋಗುತ್ತಾರೆ. ಅವರ ಪಾಲಿಗೆ ನಾನು ಹೇಳಬಹುದಾದ ಗುರು ಆಗಿರಲಿಲ್ಲವೆಂದಾಯಿತು.

ಏನಿದು, ಯಾಕೆ ಬರುತ್ತದೆ?

ನಮ್ಮ ಮೆದುಳಿನ ಕೋಟ್ಯಂತರ ಜೀವಕೋಶಗಳು ಬಹಳ ಸಣ್ಣ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಕೆಲವೊಮ್ಮೆ ಅವುಗಳಲ್ಲಿ ಒಂದು ಗುಂಪು ಕ್ರಮ ತಪ್ಪಿ ಒಟ್ಟಿಗೆ ಮಿಡಿಯತೊಡಗುತ್ತದೆ. ತೋಟದ ಪಂಪ್‌ಸೆಟ್ಟಿಗೆ ಒಮ್ಮೆಲೇ ವೋಲ್ಟೇಜು ನುಗ್ಗಿದ ಹಾಗೆ ಎನ್ನಬಹುದು. ಆಗ ದೇಹ ಸೆಟೆಯಬಹುದು, ಕೈಕಾಲು ಅದುರಬಹುದು, ಬಾಯಲ್ಲಿ ನೊರೆ ಬರಬಹುದು, ಬಟ್ಟೆಯಲ್ಲೇ ಮೂತ್ರವಾಗಬಹುದು. ಇದನ್ನೇ ನಾವು ಫಿಟ್ಸ್ ಎನ್ನುತ್ತೇವೆ. ಹೆಚ್ಚಿನ ಪಾಲು ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ಎಲ್ಲರೂ ಬೀಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕೆಲವು ಮಕ್ಕಳು ಮಾತಿನ ನಡುವೆ ಕೆಲವು ಸೆಕೆಂಡು ಸುಮ್ಮನೆ ದಿಟ್ಟಿಸುತ್ತಾರೆ, ಮತ್ತೆ ಏನೂ ಆಗದವರಂತೆ ಮುಂದುವರಿಯುತ್ತಾರೆ. ಶಾಲೆಯಲ್ಲಿ ಅವರಿಗೆ "ಗಮನವಿಲ್ಲದ ಹುಡುಗಿ" ಎಂಬ ಹೆಸರು. ಧರ್ಮೋಪದೇಶ ತರಗತಿಯಲ್ಲಿ ನಾನೂ ಒಬ್ಬಳನ್ನು ಹಾಗೆ ಗದರಿಸಿದ್ದುಂಟು. ಇನ್ನು ಕೆಲವರು ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿಯನ್ನು ಎಳೆಯುತ್ತಾರೆ, ಕರೆದರೆ ಕೇಳಿಸುವುದಿಲ್ಲ. ಇವೂ ಅದೇ ಕಾಯಿಲೆಯ ರೂಪಗಳು.

ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಮೂರ್ಛೆರೋಗ ಎನ್ನುವುದಿಲ್ಲ. ಸಣ್ಣ ಮಕ್ಕಳಿಗೆ ಜ್ವರ ಏರಿದಾಗ ಬರಬಹುದು. ಸಕ್ಕರೆ ತೀರಾ ಇಳಿದಾಗ, ಕುಡಿತವನ್ನು ಏಕಾಏಕಿ ಬಿಟ್ಟಾಗಲೂ ಬರಬಹುದು. ಇಂತಹ ತಕ್ಷಣದ ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ, ಅಥವಾ ಒಂದೇ ಸಲ ಬಂದಿದ್ದರೂ ಮತ್ತೆ ಬರುವ ಸಂಭವ ಹೆಚ್ಚೆಂದು ಪರೀಕ್ಷೆಗಳಿಂದ ತೋರಿದರೆ, ವೈದ್ಯರು ಆ ಹೆಸರು ಕೊಡುತ್ತಾರೆ. ಇಇಜಿ ಸರಿಯಾಗಿದೆ ಎಂದು ಬಂದರೂ ಕಾಯಿಲೆ ಇರಬಹುದು. ಬಿದ್ದದ್ದನ್ನು ಕಣ್ಣಾರೆ ಕಂಡವರ ಮಾತೇ ವೈದ್ಯರಿಗೆ ದೊಡ್ಡ ಸಾಕ್ಷಿ. ಆದ್ದರಿಂದ ಕಂಡವರೇ ಆಸ್ಪತ್ರೆಗೆ ಜೊತೆಗೆ ಹೋಗಬೇಕು. ಹತ್ತಿರದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಊರಿಗೆ ಹಂಚಲಿಕ್ಕಲ್ಲ, ವೈದ್ಯರಿಗೆ ತೋರಿಸಲಿಕ್ಕೆ.

ಕಾರಣ? ಹೆರಿಗೆಯ ಹೊತ್ತಿನಲ್ಲಿ ಮಗುವಿನ ಮೆದುಳಿಗಾದ ತೊಂದರೆ, ತಲೆಗೆ ಬಿದ್ದ ಪೆಟ್ಟು, ಮೆದುಳು ಜ್ವರ, ಪಾರ್ಶ್ವವಾಯು, ಗೆಡ್ಡೆ, ಹೀಗೆ ಹಲವು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಇನ್ನೊಂದು ಕಾರಣ ಲಾಡಿಹುಳು. ಇದನ್ನು ನಮ್ಮ ಮನೆಗಳಲ್ಲಿ ಬಿಚ್ಚಿ ಹೇಳಬೇಕು, ಯಾಕೆಂದರೆ ಹಬ್ಬದ ದಿನ ಹಂದಿ ಮಾಂಸ ಮಾಡುವವರು ನಾವು. ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಹುಳು ಕರುಳಿಗೆ ಸೇರುತ್ತದೆ. ಆ ಮನುಷ್ಯನ ಮಲದಲ್ಲಿ ಹೋಗುವ ಮೊಟ್ಟೆಗಳು ತೊಳೆಯದ ಕೈಯಿಂದ, ತೊಳೆಯದ ಸೊಪ್ಪಿನಿಂದ ಇನ್ನೊಬ್ಬರ ಹೊಟ್ಟೆಗೆ ಹೋದರೆ ಅವರ ಮೆದುಳಿನಲ್ಲಿ ಗುಳ್ಳೆಗಳಾಗುತ್ತವೆ. ಹೀಗಾಗಿ ಮಾಂಸವನ್ನೇ ಮುಟ್ಟದವರಿಗೂ ಬರುವುದುಂಟು. ಮಾಂಸ ಚೆನ್ನಾಗಿ ಬೇಯಲಿ, ಶೌಚಾಲಯದಿಂದ ಬಂದವರು ಸೋಪಿನಿಂದ ಕೈ ತೊಳೆಯಲಿ, ಅಷ್ಟೇ.

ಮನೆತನದ ಪ್ರಶ್ನೆಗೆ ಬರುತ್ತೇನೆ. ಕೆಲವು ಬಗೆಯ ಮೂರ್ಛೆರೋಗದಲ್ಲಿ ವಂಶದ ಪಾಲಿದೆ ನಿಜ. ಆದರೆ ಮೂರ್ಛೆರೋಗವಿರುವ ತಂದೆತಾಯಿಗೆ ಹುಟ್ಟುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ. ಜೊಲ್ಲು ತಾಕಿದರೆ ಅಂಟುತ್ತದೆ ಎಂಬುದು ಶುದ್ಧ ಸುಳ್ಳು. ಇನ್ನು ಯಾರು ಮಾಡಿದ ಪಾಪ ಎಂಬ ಲೆಕ್ಕ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದೇ ಲೆಕ್ಕ ಹಾಕಿದಾಗ, ಇವನೂ ಅಲ್ಲ ಇವನ ತಂದೆತಾಯಿಯೂ ಅಲ್ಲ ಎಂದು ಪ್ರಭು ಯೇಸು ತಿದ್ದಿದ್ದನ್ನು ಸಂತ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಓದುತ್ತೇವೆ. ಆ ತಾಯಿಗೆ ಅಂದು ರಾತ್ರಿ ನಾನು ಮೊದಲು ಹೇಳಿದ ಮಾತೂ ಇದೇ.

ನಾನು ಕೇಳದೆ ಬಿಟ್ಟ ಪ್ರಶ್ನೆ

ಹಲವು ವರ್ಷಗಳ ಹಿಂದಿನ ಮಾತು. ಬೇರೊಂದು ಧರ್ಮಕೇಂದ್ರದಲ್ಲಿ ನಾನು ಹೊಸಬ. ಅಡಿಕೆ ತೋಟದ ಕೆಲಸಕ್ಕೆ ಹೋಗುವ ಒಂದು ಮನೆಯ ಮಗಳಿಗೆ ಫಿಟ್ಸ್ ಬರುತ್ತಿತ್ತು. ವೈದ್ಯರು ಮಾತ್ರೆ ಕೊಟ್ಟು ಆರು ತಿಂಗಳಾಗಿತ್ತು, ಫಿಟ್ಸ್ ನಿಂತಿತ್ತು. ಅವಳ ಅಜ್ಜಿ ಒಂಬತ್ತು ದಿನದ ನೊವೇನ ಹಿಡಿದರು. ಕೊನೆಯ ದಿನ ಹುಡುಗಿಯನ್ನು ಕರೆತಂದಾಗ ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ಭಯಪಡಬೇಡಿ, ದೃಢವಾದ ನಂಬಿಕೆಯಿಡಿ" ಎಂದೆ. ಒಳ್ಳೆಯ ಮಾತೇ. ಆದರೆ ಅಜ್ಜಿ ಅದನ್ನು ಮನೆಗೆ ಕೊಂಡೊಯ್ದ ಅರ್ಥವೇ ಬೇರೆ: ನಂಬಿಕೆಯಿಟ್ಟ ಮೇಲೆ ಮಾತ್ರೆ ನುಂಗಿದರೆ ಅದು ಅಪನಂಬಿಕೆಯಾಗುತ್ತದೆ! ಮಾತ್ರೆ ನಿಂತಿತು. ಎರಡು ವಾರ ಏನೂ ಆಗಲಿಲ್ಲ. ಸಾಕ್ಷಿ ಹೇಳಲೂ ಸಿದ್ಧರಾಗಿದ್ದರು. ಮೂರನೆಯ ವಾರ ಅಡಿಕೆ ಬೇಯಿಸುವ ಒಲೆಯ ಹತ್ತಿರ ನಿಂತಿದ್ದಾಗ ಹುಡುಗಿ ಬಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತು. ಅಂದು ಒಂದರ ಹಿಂದೆ ಒಂದರಂತೆ ನಿಲ್ಲದೆ ಫಿಟ್ಸ್ ಬಂದು, ಶಿವಮೊಗ್ಗೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಪ್ರಜ್ಞೆಯಿರಲಿಲ್ಲ.

ದೇವರ ದಯೆಯಿಂದ ಬದುಕಿದಳು. ಕೈಯ ಬೆರಳುಗಳು ಮಾತ್ರ ಇಂದಿಗೂ ಪೂರ್ತಿ ಬಿಚ್ಚುವುದಿಲ್ಲ. ಅಜ್ಜಿ ನನ್ನ ಮೇಲೆ ಒಂದು ದೂರನ್ನೂ ಹೇಳಲಿಲ್ಲ, "ನಮ್ಮ ನಂಬಿಕೆ ಸಾಲದಾಯ್ತು ಸ್ವಾಮಿ" ಎಂದರು. ಅದನ್ನು ಕೇಳುವುದು ದೂರಿಗಿಂತ ಕಷ್ಟವಾಗಿತ್ತು. ಅಜ್ಜಿಯ ನಂಬಿಕೆಗೆ ಕೊರತೆಯಿರಲಿಲ್ಲ. ನಾನು "ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಮಗಳೇ? ಬಿಡಬೇಡ" ಎಂಬ ಒಂದು ಮಾತನ್ನು ಸೇರಿಸಿದ್ದರೆ ಸಾಕಿತ್ತು. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿ, ಕೃಪೆಯು ಪ್ರಕೃತಿಯನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರಿಂದ ಕಲಿತವನು ನಾನು. ಪರೀಕ್ಷೆಯಲ್ಲಿ ಬರೆದದ್ದು ಬಾಯಿಗೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಮೂರ್ಛೆರೋಗದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಧ್ಯಾನಕೂಟದಲ್ಲಿ ಯಾರೇ ಹೇಳಲಿ, ಗುರುಗಳೇ ಹೇಳಲಿ, ನಿಲ್ಲಿಸಬೇಡಿ. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದೆ ಕಳೆದ ಮೇಲೆ, ಪರೀಕ್ಷಿಸಿ, ವೈದ್ಯರೇ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಕೆಲವರಿಗೆ ಜೀವನಪೂರ್ತಿ ಬೇಕಾಗಬಹುದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾವು ಅಪನಂಬಿಕೆ ಎನ್ನುತ್ತೇವೆಯೇ?

ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಈ ವಾರ ಮನೆಮಂದಿ ಕುಳಿತು ಓದಿ. ಅಸ್ವಸ್ಥನಾದವನು ಪ್ರಾರ್ಥಿಸಲಿ, ವೈದ್ಯನಿಗೂ ಜಾಗ ಕೊಡಲಿ. ಮದ್ದನ್ನು ಮಣ್ಣಿನಿಂದ ಹುಟ್ಟಿಸಿದವರು ದೇವರೇ ಎಂಬುದು ಅಲ್ಲಿನ ಬೋಧನೆಯ ಸಾರ. ಇನ್ನೂ ಒಂದು ಸಣ್ಣ ವಿಷಯ. ಪರಮಪ್ರಸಾದ ಸ್ವೀಕರಿಸಲು ಉಪವಾಸವಿರಬೇಕೆಂದು ಭಾನುವಾರ ಬೆಳಗಿನ ಮಾತ್ರೆಯನ್ನು ಮಧ್ಯಾಹ್ನಕ್ಕೆ ತಳ್ಳುವವರಿದ್ದಾರೆ. ಹಾಗೆ ಮಾಡಬೇಕಿಲ್ಲ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನ ಆ ಉಪವಾಸದಲ್ಲಿ ನೀರಿಗೂ ಔಷಧಿಗೂ ಅಡ್ಡಿಯಿಲ್ಲವೆಂದು ಧರ್ಮಸಭೆಯ ಕಾನೂನಿನ 919ನೇ ವಿಧಿಯೇ ಹೇಳುತ್ತದೆ. ವೇಳಾಂಕಣ್ಣಿಗೆ ಹೊರಟರೆ ಹೋಗಿಬರುವ ದಿನಗಳಿಗಿಂತ ನಾಲ್ಕು ದಿನದ ಮಾತ್ರೆ ಹೆಚ್ಚಿಗೆ ಇರಲಿ, ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿ.

ಇದು ದೆವ್ವವೇ?

ಈ ಪ್ರಶ್ನೆಯನ್ನು ಗುಟ್ಟಾಗಿ ಕೇಳುವವರು ಬಹಳ. ಶುಭಸಂದೇಶದಲ್ಲಿಯೇ ಇದೆಯಲ್ಲ ಫಾದರ್ ಎನ್ನುತ್ತಾರೆ. ಹೌದು, ಇದೆ. ಸಂತ ಮಾರ್ಕನ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಮಗನನ್ನು ಕರೆತರುತ್ತಾನೆ. ಹುಡುಗ ಬಿದ್ದು ಹೊರಳಾಡುತ್ತಾನೆ, ನೊರೆ ಸುರಿಸುತ್ತಾನೆ, ಹಲ್ಲು ಕಡಿಯುತ್ತಾನೆ, ಬೆಂಕಿಗೂ ನೀರಿಗೂ ಬೀಳುತ್ತಾನೆ. ಅದನ್ನು ಅಶುದ್ಧಾತ್ಮದ ಕಾಟವೆಂದು ಅಂದಿನ ಜನರ ಭಾಷೆಯಲ್ಲಿ ಬರೆಯಲಾಗಿದೆ. ಅದೇ ಹುಡುಗನ ಬಗ್ಗೆ ಸಂತ ಮತ್ತಾಯನು ಬಳಸಿರುವ ಗ್ರೀಕ್ ಪದ ಚಂದ್ರನಿಂದ ಬಾಧೆಗೊಂಡವನು ಎಂಬ ಅರ್ಥದ್ದು; ಮೂರ್ಛೆರೋಗಿಯನ್ನು ಅಂದು ಹಾಗೆ ಕರೆಯುತ್ತಿದ್ದರು. ಆದರೆ ಯೇಸುಸ್ವಾಮಿ ಆ ತಂದೆಗೆ ಕೇಳುವ ಪ್ರಶ್ನೆಯನ್ನು ಗಮನಿಸಿದ್ದೀರಾ? ಇವನಿಗೆ ಹೀಗಾಗುತ್ತಿರುವುದು ಎಷ್ಟು ಕಾಲದಿಂದ ಎಂದು ವಿಚಾರಿಸುತ್ತಾರೆ. ನರರೋಗ ತಜ್ಞರು ಇಂದು ಮೊದಲು ಕೇಳುವುದೂ ಅದನ್ನೇ. ಚಿಕ್ಕಂದಿನಿಂದ ಎನ್ನುತ್ತಾನೆ ತಂದೆ. ಎಲ್ಲ ಮುಗಿದ ಮೇಲೆ ಹುಡುಗ ಸತ್ತವನಂತೆ ಬಿದ್ದಿರುತ್ತಾನೆ, ಜನ ಸತ್ತನೆಂದೇ ಅನ್ನುತ್ತಾರೆ. ಪ್ರಭು ಅವನ ಕೈಹಿಡಿದು ಎಬ್ಬಿಸುತ್ತಾರೆ. ನೆರೆದ ಗುಂಪಿನಲ್ಲಿ ಅವನ ಕೈ ಮುಟ್ಟಿದವರು ಬೇರೆ ಯಾರೂ ಇಲ್ಲ.

ಆ ತಂದೆಯ ನಂಬಿಕೆಯೂ ಅರ್ಧಂಬರ್ಧದ್ದೇ. ನಂಬುತ್ತೇನೆ ಎನ್ನುತ್ತಲೇ ತನ್ನ ಅಪನಂಬಿಕೆಗೆ ನೆರವು ಬೇಡಿಕೊಳ್ಳುತ್ತಾನೆ. ಪ್ರಭು ಅವನನ್ನು ಹಿಂದಕ್ಕೆ ಕಳಿಸಲಿಲ್ಲ. ಫೈಲಿಗೆ ಪತ್ರಿಕೆ ಸುತ್ತಿಕೊಂಡು ಬಂದ ಈ ತಂದೆಯನ್ನು ಕಂಡಾಗ ನನಗೆ ನೆನಪಾದದ್ದು ಅವನೇ.

ಧರ್ಮಸಭೆಯ ಇಂದಿನ ಬೋಧನೆ ಸ್ಪಷ್ಟವಿದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೇ ಅಂಕಣದಂತೆ ಕಾಯಿಲೆಯ ಚಿಕಿತ್ಸೆ ವೈದ್ಯವಿಜ್ಞಾನಕ್ಕೆ ಸೇರಿದ್ದು. ದೆವ್ವ ಬಿಡಿಸುವ ವಿಧಿಯನ್ನು ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ನಡೆಸುವಂತಿಲ್ಲ. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಬೇಕಾದರೆ ಕೇಳಿ; ಅದು ಸಾಯುವವರಿಗೆ ಮಾತ್ರ ಮೀಸಲಾದದ್ದಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. 1917ರ ಧರ್ಮಸಭೆಯ ಕಾನೂನು ಮೂರ್ಛೆರೋಗವಿದ್ದವರನ್ನು, ಹಿಂದೆ ಇದ್ದವರನ್ನೂ, ಗುರುದೀಕ್ಷೆಗೆ ಅಡ್ಡಿಯುಳ್ಳವರ ಪಟ್ಟಿಯಲ್ಲಿ ಸೇರಿಸಿತ್ತು, ಅದೂ ದೆವ್ವ ಹಿಡಿದವರ ಜೊತೆಗೆ ಒಂದೇ ಸಾಲಿನಲ್ಲಿ. 1983ರ ಹೊಸ ಕಾನೂನಿನಲ್ಲಿ ಮೂರ್ಛೆರೋಗದ ಆ ಮಾತು ಇಲ್ಲ. ಸರ್ಕಾರದ ಕಾನೂನೂ ಇದೇ ದಾರಿ ಹಿಡಿದು ಬಂತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಲಾಯಿತು. ನಮ್ಮಲ್ಲಿ ವಿವಾಹ ಸಂಸ್ಕಾರಕ್ಕೆ ಈ ಕಾಯಿಲೆ ಅಡ್ಡಿಯಲ್ಲ. ಮುಚ್ಚಿಟ್ಟು ಮದುವೆ ಮಾಡುವುದೇ ಅಪಾಯ. ಗಂಡನ ಮನೆಗೆ ಗೊತ್ತಾಗದಿರಲಿ ಎಂದು ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟು, ಕೊನೆಗೆ ನುಂಗುವುದನ್ನೇ ಬಿಟ್ಟ ಹೆಣ್ಣುಮಕ್ಕಳ ಕಥೆ ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಮೋಸದಿಂದ ಪಡೆದ ಒಪ್ಪಿಗೆ ಮುಂದೆ ವಿವಾಹದ ಸಿಂಧುತ್ವಕ್ಕೇ ಪ್ರಶ್ನೆಯಾಗಬಹುದು. ಮಾತುಕತೆಯ ಹಂತದಲ್ಲೇ ಹೇಳಿ. ಹೇಳಲು ಧೈರ್ಯ ಸಾಲದಿದ್ದರೆ ನಿಮ್ಮ ಗುರುಗಳನ್ನು ಜೊತೆಗೆ ಕರೆಯಿರಿ, ಅವರು ಬರುತ್ತಾರೆ. ಮದುವೆಯಾದವರು ಮಗು ಬೇಕೆಂದಾಗ, ಬಸಿರಾಗುವ ಮೊದಲೇ ವೈದ್ಯರನ್ನು ಕಾಣಬೇಕು. ವ್ಯಾಲ್ಪ್ರೋಯೇಟ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಬೇರೆ ಮಾತ್ರೆಗೆ ಬದಲಿಸುವುದನ್ನು ಅವರೇ ನಿರ್ಧರಿಸುತ್ತಾರೆ. ಬಸಿರಿಯಾದೆನೆಂದು ತಾನಾಗಿ ನಿಲ್ಲಿಸುವುದು ತಾಯಿಗೂ ಮಗುವಿಗೂ ಕೆಟ್ಟದ್ದು.

ಬಿದ್ದಾಗ ಏನು ಮಾಡಬೇಕು?

ನಮ್ಮ ಕಡೆ ಮೊದಲು ಓಡುವುದು ಬೀಗದ ಕೈ ಗೊಂಚಲಿಗೆ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಯಂತೆ. ಅಜ್ಜಂಪುರದ ಕಡೆ ಈರುಳ್ಳಿಗೆ ಬರವಿಲ್ಲ, ಕತ್ತರಿಸಿ ಮೂಗಿಗೆ ಹಿಡಿಯುತ್ತಾರೆ. ಚಪ್ಪಲಿ ಮೂಸಿಸುವವರೂ ಇದ್ದಾರೆ. ಕಾಯಿಲೆಯವರಿಗೆ ಇದಕ್ಕಿಂತ ಅವಮಾನ ಇಲ್ಲ. ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುವುದರಿಂದ ಹೊಗಳಿಕೆ ಬೀಗದ ಕೈಗೆ ಹೋಗುತ್ತದೆ, ಅಷ್ಟೇ.

ಮಾಡಬೇಕಾದದ್ದು ಸುಲಭ. ಗಡಿಯಾರ ನೋಡಿ. ಒಲೆ, ಕಲ್ಲು, ಮೇಜಿನ ಮೂಲೆ ಹತ್ತಿರವಿದ್ದರೆ ಸರಿಸಿ. ತಲೆಯ ಕೆಳಗೆ ಮಡಚಿದ ಟವೆಲ್ ಇಡಿ, ಕೊರಳ ಗುಂಡಿ ಸಡಿಲಿಸಿ. ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಏನನ್ನೂ ತುರುಕಬೇಡಿ, ಚಮಚವನ್ನೂ, ಬೆರಳನ್ನೂ, ನೀರನ್ನೂ. ನಾಲಿಗೆ ನುಂಗಿಬಿಡುತ್ತಾರೆ ಎಂಬುದು ಸುಳ್ಳು. ಎಚ್ಚರವಾಗುವವರೆಗೆ ಪಕ್ಕದಲ್ಲೇ ಕುಳಿತಿರಿ. ಎದ್ದಾಗ ಸುತ್ತ ಐವತ್ತು ಮುಖಗಳು ಕಾಣಬಾರದು. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಜೀವನದಲ್ಲಿ ಇದೇ ಮೊದಲ ಸಲವಾದರೆ, ನೀರಿನಲ್ಲಿ ಬಂದಿದ್ದರೆ, ಪೆಟ್ಟಾಗಿದ್ದರೆ, ಬಸಿರಿಯಾಗಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಉಳಿದಂತೆ ಬದುಕು ನಡೆಯಬೇಕು, ಸ್ವಲ್ಪ ಎಚ್ಚರದೊಂದಿಗೆ. ಫಿಟ್ಸ್ ಹತೋಟಿಗೆ ಬರುವವರೆಗೆ ತೆಂಗು, ಅಡಿಕೆ ಮರ ಹತ್ತುವುದು ಬೇಡ. ಕೆರೆ, ಬಾವಿ, ಭದ್ರಾ ನಾಲೆಗೆ ಒಬ್ಬರೇ ಇಳಿಯುವುದು ಬೇಡ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕುವುದು ಬೇಡ. ಬೈಕಿನ ವಿಷಯದಲ್ಲಿ ಹುಡುಗರಿಗೆ ಕೋಪ ಬರುತ್ತದೆ. ಲೈಸೆನ್ಸ್ ಅರ್ಜಿಯಲ್ಲಿಯೇ ಈ ಕಾಯಿಲೆ ಇದೆಯೇ ಎಂಬ ಪ್ರಶ್ನೆಯಿದೆ, ಸುಳ್ಳು ಬರೆಯಬೇಡಿ. ನಿದ್ದೆಗೆಡುವುದು ಫಿಟ್ಸನ್ನು ಕರೆದು ತರುತ್ತದೆ. ಕ್ರಿಸ್ಮಸ್ ನಡುರಾತ್ರಿಯ ಪೂಜೆಗೆ ಬರಲೇಬೇಕೆಂದಿಲ್ಲ, ಬೆಳಗಿನ ಪೂಜೆಯೂ ಪೂಜೆಯೇ. ಮದ್ಯವಂತೂ ಬೇಡವೇ ಬೇಡ.

ಬಿಸಿನೀರಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇದು ನಮ್ಮ ಕರ್ನಾಟಕದ ದಕ್ಷಿಣ ಭಾಗದಲ್ಲಿ ವಿಶೇಷವಾಗಿ ಕಂಡ ಸಂಗತಿ. ಹಂಡೆಯ ಕುದಿನೀರನ್ನು ಚೊಂಬಿನಿಂದ ತಲೆಗೆ ಎರೆದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೆಂಗಳೂರಿನ ಡಾ. ಕೆ. ಎಸ್. ಮಣಿ ಅವರು 1960ರ ದಶಕದ ಕೊನೆಯಲ್ಲೇ ಇದನ್ನು ಗುರುತಿಸಿ ಬರೆದರು. ಮುಂದೆ ನಿಮ್ಹಾನ್ಸ್ ನಿರ್ದೇಶಕರಾದ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂತಹ 279 ಮಂದಿಯ ವಿವರಗಳನ್ನು 1988ರಲ್ಲಿ ಪ್ರಕಟಿಸಿದರು. ಬಚ್ಚಲಿನಲ್ಲಿ ಮಾತ್ರ ಬರುತ್ತದೆ ಎಂದಾಗ ಮನೆಯವರು ಗಾಳಿ, ಸೋಕು ಎನ್ನುವುದು ಸಹಜ. ಪರಿಹಾರ ಮಾತ್ರ ಬಹಳ ಸರಳ: ತಲೆಗೆ ಉಗುರು ಬೆಚ್ಚಗಿನ ನೀರು. ಅದರಿಂದಲೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ನುಂಗುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಭಾನುವಾರ ಪೂಜೆಗೆ ಮುಂಚೆ ಮಕ್ಕಳಿಗೆ ಸುಡುನೀರು ಹೊಯ್ಯುವ ತಾಯಂದಿರು ಇದನ್ನು ನೆನಪಿಡಲಿ.

ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು?

ಎಲ್ಲರೂ ಬೆಂಗಳೂರಿಗೆ ಓಡಬೇಕಿಲ್ಲ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮುಂದೆ ಬೇಕಾದರೆ ಕಡೂರಿನವರಿಗೆ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ನಿಮ್ಹಾನ್ಸ್‌ಗೆ ಹೋಗುವುದಾದರೆ ಹಳೆಯ ಚೀಟಿಗಳನ್ನೂ ಬಿಪಿಎಲ್ ಕಾರ್ಡನ್ನೂ ಒಯ್ಯಿರಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಶುರುಮಾಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿ.

ಖರ್ಚಿನ ಭಯಕ್ಕೆ ಯಳಂದೂರೇ ಉತ್ತರ. ಅಲ್ಲಿನ ಹಳ್ಳಿಗಳಲ್ಲಿ ಡಾ. ಮಣಿ ಮತ್ತು ಸಂಗಡಿಗರು ಫೀನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಿಡದೆ ನುಂಗಿದವರಲ್ಲಿ ಹೆಚ್ಚಿನವರಿಗೆ ಫಿಟ್ಸ್ ಹತೋಟಿಗೆ ಬಂದಿತ್ತು. ಚಿಕಿತ್ಸೆಗೆ ಮುಂಚೆ ಕಡಿಮೆ ಸಲ ಬಿದ್ದವರಿಗೆ ಫಲ ಇನ್ನೂ ಚೆನ್ನಾಗಿತ್ತು. ಮುಚ್ಚಿಟ್ಟು ವರ್ಷ ಕಳೆಯುವುದರ ನಷ್ಟ ಇಲ್ಲಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ 30 ಮಂದಿಗೆ ನಾನು ಸುಳ್ಳು ಭರವಸೆ ಕೊಡಲಾರೆ. ಅವರಿಗೆ ಬೇರೆ ಮಾತ್ರೆಗಳು, ಕೆಲವರಿಗೆ ಶಸ್ತ್ರಚಿಕಿತ್ಸೆ ಇದೆ. ಆದರೂ ಫಿಟ್ಸ್ ಪೂರ್ತಿ ನಿಲ್ಲದವರೂ ನಮ್ಮ ನಡುವೆ ಇರುತ್ತಾರೆ. ಮನಸ್ಸು ಕುಗ್ಗಿ, ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ರಾತ್ರಿ ಹುಡುಗನಿಗೆ ನಾನು "ಬಾ" ಎಂದೆ. ಧೂಪಪಾತ್ರೆಯನ್ನೂ ಉರಿಯುವ ಮೋಂಬತ್ತಿಯನ್ನೂ ಸದ್ಯಕ್ಕೆ ಬೇರೆಯವರು ಹಿಡಿಯಲಿ, ನೀನು ಗಂಟೆ, ಪೂಜಾಪುಸ್ತಕ ನೋಡಿಕೊ ಎಂದೆ. ಆದರೆ ಒಂದು ಷರತ್ತು ಹಾಕಿದೆ: ಪೀಠಬಾಲಕರಿಗೂ ಅವನ ತರಗತಿಯ ಅಧ್ಯಾಪಕರಿಗೂ ವಿಷಯ ತಿಳಿಸಬೇಕು. ತಾಯಿ ಒಪ್ಪಲು ಮೂರು ವಾರ ಬೇಕಾಯಿತು. ಕೊನೆಗೆ ಒಂದು ಶನಿವಾರ ತಂದೆಯೇ ಬಂದು ಆ ಎಂಟು ಹುಡುಗರ ಮುಂದೆ ನಿಂತು ಹೇಳಿದರು. ಹೇಳುವಾಗ ಗಂಟಲು ಕಟ್ಟಿತು. ಹುಡುಗರು ಅಳಲಿಲ್ಲ, ಅವರಿಗೆ ಬೇಕಾಗಿದ್ದದ್ದು ಏನು ಮಾಡಬೇಕೆಂಬುದು. ಒಬ್ಬನನ್ನು ನೆಲದ ಮೇಲೆ ಮಲಗಿಸಿ ಮಗ್ಗುಲಿಗೆ ಹೊರಳಿಸುವುದನ್ನು ನಾಲ್ಕು ಸಲ ಅಭ್ಯಾಸ ಮಾಡಿದರು. ಮಲಗಿದವನು ನಗುತ್ತಲೇ ಇದ್ದ.

ಎರಡು ತಿಂಗಳ ಮೇಲೆ, ಪರೀಕ್ಷೆಗೆಂದು ರಾತ್ರಿಯಿಡೀ ಓದಿ ಬಂದ ಭಾನುವಾರ, ಪೂಜೆ ಮುಗಿದು ಪೂಜಾವಸ್ತ್ರಗಳ ಕೋಣೆಯಲ್ಲಿ ಅವನು ಬಿದ್ದ. ನಾನು ಒಳಗೆ ಬರುವಷ್ಟರಲ್ಲಿ ಒಬ್ಬ ಅವನನ್ನು ಮಗ್ಗುಲಿಗೆ ಹೊರಳಿಸಿದ್ದ, ತಲೆಯ ಕೆಳಗೆ ಮಡಚಿದ ಬಿಳಿ ನಿಲುವಂಗಿ. ಇನ್ನೊಬ್ಬ ಬಾಗಿಲು ಮುಚ್ಚಿ ನಿಂತು ಹೆಂಗಸರನ್ನು ಹೊರಗೇ ತಡೆದಿದ್ದ. ಬೀಗದ ಕೈ ಗೊಂಚಲು ಮೊಳೆಯಲ್ಲೇ ತೂಗುತ್ತಿತ್ತು. ಆರನೇ ತರಗತಿಯ ಚಿಕ್ಕವನು ಗೋಡೆ ಗಡಿಯಾರದಿಂದ ಕಣ್ಣು ಕೀಳದೆ, "ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಮ್ಮಿ ಇತ್ತು ಫಾದರ್, ಆಗಲೇ ನಿಂತಿತು" ಎಂದು ವರದಿ ಒಪ್ಪಿಸಿದ.